ದಯವಿಟ್ಟು ಮೂರನೇ ಪೊಲೀಸಪ್ಪನ ಗುಟ್ಟು ಹೇಳಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ 'ದಿ ಥರ್ಡ್ ಪೊಲೀಸ್‌ಮನ್' ಕಾದಂಬರಿಯ ಬಗ್ಗೆ ಓದುಗರ ಅನಿಸಿಕೆ ಹಾಕಿದ್ದಿರಿ. ನೋಡಿ ಖುಷಿಯಾಯಿತು. ಐರ್ಲೆಂಡಿನ ಒಬ್ಬ ಸರ್ಕಾರಿ ನೌಕರ 1940ರ ಹೊತ್ತಿಗೆ ಬರೆದಿಟ್ಟ ಒಂದು ವಿಚಿತ್ರ ಪುಸ್ತಕಕ್ಕೆ ನಮ್ಮ ಕಡೆಯ ನಾಲ್ಕು ಜನ ಕಾಗದ ಬರೆದು ಕಿತ್ತಾಡುತ್ತಾರೆ ಅಂದರೆ ಸಣ್ಣ ವಿಷಯ ಅಲ್ಲ.

ಆ ನಾಲ್ವರಲ್ಲಿ ಮೊದಲನೆಯವರಿಗೆ ಪುಸ್ತಕ ತಲೆಬುಡ ಇಲ್ಲದ ಹರಟೆ ಅನಿಸಿದೆ. ಎರಡನೆಯವರಿಗೆ ಅದು ಅಣುವಿಜ್ಞಾನವನ್ನು ಒಳಗೆ ಬಚ್ಚಿಟ್ಟ ಮಹಾಗ್ರಂಥ. ಮೂರನೆಯವರು ಅಡಿಟಿಪ್ಪಣಿ ಓದಿ ಓದಿ ಕಣ್ಣು ನೋವು ಬಂತು ಅಂದಿದ್ದಾರೆ. ಈ ಮೂವರ ಮೇಲೂ ನನಗೆ ಕೋಪ ಇಲ್ಲ. ನಾಲ್ಕನೆಯವರ ಮೇಲೆ ಇದೆ. ಅವರು ಪುಸ್ತಕವನ್ನು ಮೆಚ್ಚಿದ್ದಾರೆ, ಬಾಯ್ತುಂಬ ಹೊಗಳಿದ್ದಾರೆ, ಆದರೆ ಹೊಗಳುವ ಅವಸರದಲ್ಲಿ ಕೊನೆಯಲ್ಲಿ ಗೊತ್ತಾಗಬೇಕಾದ್ದನ್ನು ಮೊದಲ ಸಾಲಿನಲ್ಲೇ ಹೇಳಿ ಕೂತಿದ್ದಾರೆ. ಅದನ್ನು ನೀವು ದಪ್ಪ ಅಕ್ಷರದಲ್ಲಿ ಬೇರೆ ಹಾಕಿದ್ದೀರಿ!

ಈ ಕಾಗದ ಮುಖ್ಯವಾಗಿ ಅದಕ್ಕೆ. ಆದರೆ ಪೆನ್ನು ಹಿಡಿದದ್ದಾಯಿತು, ಮಿಕ್ಕ ಮೂವರಿಗೂ ಒಂದೆರಡು ಮಾತು ಹೇಳಿಯೇ ಮುಗಿಸುತ್ತೇನೆ.

ನಾನು ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ 34 ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಪತ್ತೇದಾರಿ ಕಥೆ ಅಂದರೆ ಊಟ ಬಿಟ್ಟು ಓದುತ್ತೇನೆ. ಬೆಂಗಳೂರಿನಲ್ಲಿರುವ ಮಗಳು ಹಳೇ ಪುಸ್ತಕದ ಅಂಗಡಿಯಲ್ಲಿ 'ಪೊಲೀಸ್‌ಮನ್' ಅನ್ನುವ ಹೆಸರು ಕಂಡು, ಅಪ್ಪನಿಗೆ ಇದು ಆಗುತ್ತೆ ಅಂತ ತಂದುಕೊಟ್ಟಳು. ನಾನೂ ಹಾಗೇ ಅಂದುಕೊಂಡೆ. ಕೊಲೆ ಇದೆ, ದುಡ್ಡಿನ ಪೆಟ್ಟಿಗೆ ಇದೆ, ಠಾಣೆ ಇದೆ, ಇನ್ನೇನು ಬೇಕು? ಎರಡು ಸಲ ಶುರು ಮಾಡಿ ಎರಡು ಸಲವೂ ನಡುವೆ ಕೈಬಿಟ್ಟೆ. ಮೂರನೇ ಸಲ ಬಚ್ಚಲಲ್ಲಿ ಜಾರಿ ಕಾಲು ಉಳುಕಿ ಹದಿನೈದು ದಿನ ಮಂಚದ ಮೇಲಿದ್ದೆ. ಬೇರೆ ಪುಸ್ತಕ ಕೈಗೆಟುಕಲಿಲ್ಲ. ಸರಿ, ಇದನ್ನೇ ಹಿಡಿದೆ, ಮುಗಿಸಿದೆ. ಹಗಲೆಲ್ಲ ನಕ್ಕಿದ್ದೆ, ಮನೆಯವಳು ಎರಡು ಸಲ ಬಂದು ಏನಾಯ್ತು ಅಂತ ಕೇಳಿ ಹೋಗಿದ್ದಳು. ರಾತ್ರಿ ಹನ್ನೊಂದಕ್ಕೆ ಕೊನೆಯ ಪುಟ ಮುಗಿದಾಗ ಮಾತ್ರ ದೀಪ ಆರಿಸಲು ಮನಸ್ಸಾಗಲಿಲ್ಲ. ನಗುತ್ತಾ ಹೋದವನನ್ನು ಈ ಪುಸ್ತಕ ಎಲ್ಲಿಗೆ ತಂದು ನಿಲ್ಲಿಸುತ್ತೆ ಅನ್ನುವುದೇ ಅದರ ಗಟ್ಟಿತನ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿಯುವುದು ಬರೀ ಜೋಕು.

ಓದದವರಿಗೆ ಇಷ್ಟು ಹೇಳಿದರೆ ಏನೂ ಕೆಡುವುದಿಲ್ಲ. ಕಥೆ ಹೇಳುವವನಿಗೆ ಒಂದು ಕಾಲು ಮರದ್ದು. ಮುದುಕ ಮ್ಯಾಥರ್ಸ್‌ನನ್ನು ಸನಿಕೆಯಿಂದ ಬಡಿದು ಕೊಂದೆ ಅಂತ ಮೊದಲ ವಾಕ್ಯದಲ್ಲೇ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಮೇಲೆ ಗುಮಾಸ್ತನ ಹಾಗೆ ತಿದ್ದುಪಡಿ ಸೇರಿಸುತ್ತಾನೆ. ಮೊದಲ ಏಟು ನನ್ನದಲ್ಲ, ಜೊತೆಗಾರ ಡಿವ್ನಿಯದು, ಅದೂ ಟೊಳ್ಳು ಕಬ್ಬಿಣದ ಸಲಾಕೆಯಿಂದ ಅವನೇ ಮಾಡಿಕೊಂಡ ಸೈಕಲ್ ಪಂಪಿನಲ್ಲಿ ಅಂತ. ಕೊಲೆಗೆ ಕಾರಣ ಏನು ಗೊತ್ತಾ? ಡಿ ಸೆಲ್ಬಿ ಅನ್ನುವ ಪಂಡಿತನ ಮೇಲೆ ಇವನು ಒಂದು ಪುಸ್ತಕ ಬರೆದಿದ್ದಾನೆ, ಅಚ್ಚು ಹಾಕಿಸಲು ದುಡ್ಡಿಲ್ಲ. ನಮ್ಮಲ್ಲೂ ಸ್ವಂತ ಖರ್ಚಿನಲ್ಲಿ ಕವನ ಸಂಕಲನ ತರುವವರಿದ್ದಾರೆ, ಅವರು ಪಾಪ ಪಿಎಫ್ ಸಾಲ ತೆಗೆಯುತ್ತಾರೆ ಅಷ್ಟೇ.

ದುಡ್ಡಿನ ಪೆಟ್ಟಿಗೆಯನ್ನು ಡಿವ್ನಿ ಬಚ್ಚಿಡುತ್ತಾನೆ. ಎಲ್ಲಿ ಅಂತ ಹೇಳುವುದಿಲ್ಲ. ನಮ್ಮವನು ಅವನನ್ನು ಒಂದು ಗಳಿಗೆಯೂ ಕಣ್ಣಿಂದ ಮರೆಯಾಗಲು ಬಿಡದೆ, ರಾತ್ರಿ ಒಂದೇ ಹಾಸಿಗೆಯಲ್ಲಿ ಮಲಗಿ ಕಾಯುತ್ತಾನೆ. ಕೊನೆಗೆ ಡಿವ್ನಿ ಬಾಯಿ ಬಿಡುತ್ತಾನೆ: ಪೆಟ್ಟಿಗೆ ಸತ್ತವನ ಮನೆಯಲ್ಲೇ ಇದೆ, ನೆಲದ ಹಲಗೆಯ ಕೆಳಗೆ. ಇವನು ಹೋಗಿ ಕೈ ಹಾಕುತ್ತಾನೆ. ಅಷ್ಟರಲ್ಲಿ ಏನೋ ಆಗುತ್ತೆ. ಕೋಣೆಯ ಬೆಳಕು ಬೇರೆಯಾದ ಹಾಗೆ. ಹಿಂದೆ ಯಾರೋ ಕೆಮ್ಮುತ್ತಾರೆ. ತಿರುಗಿ ನೋಡಿದರೆ, ಇವರೇ ಹೂತಿದ್ದ ಮುದುಕ ಮೂಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾನೆ! ಅಲ್ಲಿಂದ ಇವನಿಗೆ ತನ್ನ ಹೆಸರೂ ಮರೆತು ಹೋಗುತ್ತೆ. ಪೆಟ್ಟಿಗೆ ಹುಡುಕಿಕೊಂಡು ಪೊಲೀಸ್ ಠಾಣೆಗೆ ಹೋಗುತ್ತಾನೆ. ಠಾಣೆಯ ಸಾರ್ಜೆಂಟ್ ಪ್ಲಕ್ ಕೇಳುವ ಪ್ರಶ್ನೆ ಒಂದೇ: "ಸೈಕಲ್ ವಿಚಾರವಾ?"

ಈಗ ತಲೆಬುಡ ಇಲ್ಲ ಅಂದವರಿಗೆ ಬರುತ್ತೇನೆ. ಸ್ವಾಮಿ, ತಲೆಬುಡ ಇಲ್ಲದ್ದಲ್ಲ, ಇದರಲ್ಲಿ ನಿಯಮ ಜಾಸ್ತಿಯಾಗಿದೆ. ಕಚೇರಿಯಲ್ಲಿ ಕೂತು ಬೆನ್ನು ಬಗ್ಗಿಸಿದವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತೆ. ಆ ಠಾಣೆಯ ಪೊಲೀಸರು ದಿನಾ ಯಾವುದೋ ಯಂತ್ರದ ಮುಂದೆ ನಿಂತು ರೀಡಿಂಗ್ ತೆಗೆಯುತ್ತಾರೆ. ಕಪ್ಪು ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುತ್ತಾರೆ. ಅಂಕಿ ಏರಿದರೆ ಗಾಬರಿ, ಇಳಿದರೆ ಸಮಾಧಾನ. ಆ ಯಂತ್ರದಿಂದ ಏನಾಗುತ್ತೆ ಅಂತ ಕೇಳುವ ಹಾಗಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನನಗೆ ಒಂದು ರಿಜಿಸ್ಟರ್ ಕೊಟ್ಟಿದ್ದರು. ಪ್ರತಿ ಸೋಮವಾರ ಅದರಲ್ಲಿ ಮೂರು ಅಂಕಿ ತುಂಬಿ, ಸಾಹೇಬರ ಸಹಿ ಹಾಕಿಸಿ, ಬೀರುವಿನ ಕೆಳಗಿನ ಖಾನೆಯಲ್ಲಿ ಇಡಬೇಕು. ಯಾಕೆ ಅಂತ ನನ್ನ ಹಿಂದಿನವರಿಗೂ ಗೊತ್ತಿರಲಿಲ್ಲ. ನಾನು 11 ವರ್ಷ ತುಂಬಿದೆ, ಆಮೇಲೆ ಬಂದ ಹುಡುಗನಿಗೆ ದಾಟಿಸಿದೆ. ಅವನು ಯಾಕೆ ಸಾರ್ ಅಂದ. ಬರೀರಿ ಅಂದೆ. ಇದು ತಲೆಬುಡ ಇಲ್ಲದ ಹರಟೆಯೋ, ನಮ್ಮ ದಿನಚರಿಯೋ ನೀವೇ ಹೇಳಿ.

ಮುಂದೆ ಇನ್ನೂ ಚೆನ್ನಾಗಿದೆ. ಕೊಲೆಯೊಂದು ಪತ್ತೆಯಾಗುತ್ತೆ, ಯಾರನ್ನಾದರೂ ಗಲ್ಲಿಗೆ ಹಾಕಬೇಕು, ಹತ್ತಿರದಲ್ಲಿ ಸಿಕ್ಕವನು ಇವನೇ. ಹೆಸರಿಲ್ಲದವನನ್ನು ಗಲ್ಲಿಗೆ ಹಾಕುವುದು ಹೇಗೆ, ಅದು ತಪ್ಪಾಗಲ್ವಾ ಅಂತ ಇವನು ವಾದ ಮಾಡುತ್ತಾನೆ. ಸಾರ್ಜೆಂಟ್ ಸಾಹೇಬರು ಬಹಳ ಮರ್ಯಾದೆಯಿಂದಲೇ ಉತ್ತರ ಕೊಡುತ್ತಾರೆ. ಹೆಸರಿಲ್ಲದವನು ಕಾನೂನಿನ ಪ್ರಕಾರ ಇಲ್ಲವೇ ಇಲ್ಲ, ಇಲ್ಲದವನನ್ನು ಗಲ್ಲಿಗೆ ಹಾಕಿದರೆ ಏನೂ ನಡೆದ ಹಾಗೆ ಆಗುವುದಿಲ್ಲ, ಹಾಗಾಗಿ ಅಡ್ಡಿಯೇನಿಲ್ಲ. ಈ ಪುಟ ಓದಿ ನಾನು ಪುಸ್ತಕ ಎದೆಯ ಮೇಲೆ ಕವುಚಿಟ್ಟುಕೊಂಡು ಸುಮ್ನೆ ಮಲಗಿದ್ದೆ. ಯಾಕೆಂದರೆ ನನಗೇ ಹೀಗಾಗಿದೆ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು, ನಿಮಗೆ ಗೊತ್ತಿರುತ್ತೆ. ಒಂದು ವರ್ಷ ನನ್ನ ಇನಿಶಿಯಲ್ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬಿದ್ದು ಎರಡು ತಿಂಗಳು ಪಿಂಚಣಿ ನಿಂತಿತು. ಖುದ್ದಾಗಿ ಹೋಗಿ ಕೌಂಟರಿನ ಮುಂದೆ ನಿಂತೆ. ಆ ಹುಡುಗಿ ಒಳ್ಳೆಯವಳೇ. ನನ್ನ ಮುಖ ನೋಡಿದಳು, ಪರದೆ ನೋಡಿದಳು, "ಸರ್, ಸಿಸ್ಟಂನಲ್ಲಿ ನೀವು ತೋರಿಸ್ತಿಲ್ಲ" ಅಂದಳು. ನಾನು ಇಲ್ಲೇ ನಿಂತಿದ್ದೀನಲ್ಲಮ್ಮ ಅಂದೆ. "ಹೌದು ಸರ್, ಆದ್ರೆ ಸಿಸ್ಟಂನಲ್ಲಿ ಇಲ್ಲ." ಅವಳ ಮಾತಿನಲ್ಲೂ ಸಾರ್ಜೆಂಟನದೇ ಮರ್ಯಾದೆ ಇತ್ತು.

ಪುಸ್ತಕ ಬರೆದವನೂ ಸರ್ಕಾರಿ ನೌಕರನೇ. ಫ್ಲ್ಯಾನ್ ಓಬ್ರಿಯನ್ ಅನ್ನುವುದು ಇಟ್ಟುಕೊಂಡ ಹೆಸರು, ನಿಜ ಹೆಸರು ಬ್ರಯಾನ್ ಓ ನೋಲನ್. 1911ರಲ್ಲಿ ಹುಟ್ಟಿದವನು. 1935ರಿಂದ ಡಬ್ಲಿನ್ನಿನಲ್ಲಿ ಸರ್ಕಾರಿ ಕೆಲಸ. ಎರಡೇ ವರ್ಷಕ್ಕೆ ಅಪ್ಪ ತೀರಿಕೊಂಡ, ದೊಡ್ಡ ಸಂಸಾರದ ಭಾರ ಇವನ ಸಂಬಳದ ಮೇಲೆ ಬಿತ್ತು. ಹಗಲು ಕಡತ, ರಾತ್ರಿ ಕಾದಂಬರಿ. ಆ ಕಡತದ ವಾಸನೆ ಪುಸ್ತಕದ ತುಂಬ ಇದೆ ಅಂತ ನನಗನಿಸುತ್ತೆ, ವಿಮರ್ಶಕರು ಏನಾದರೂ ಹೇಳಿಕೊಳ್ಳಲಿ.

ಎರಡನೆಯವರ ಅಣುವಿಜ್ಞಾನಕ್ಕೆ ಬರೋಣ. ಸಾರ್ಜೆಂಟ್ ಪ್ಲಕ್ ಹೇಳುವ ಅಣುಸಿದ್ಧಾಂತ ಹೀಗಿದೆ. ಕಬ್ಬಿಣವನ್ನು ಸುತ್ತಿಗೆಯಿಂದ ಬಡಿಯುತ್ತಾ ಇದ್ದರೆ ಕಬ್ಬಿಣದ ಅಣು ಒಂದಷ್ಟು ಸುತ್ತಿಗೆಗೆ ಹೋಗುತ್ತೆ, ಮಿಕ್ಕದ್ದು ಕೆಳಗಿರುವ ಮೇಜಿಗೋ ಕಲ್ಲಿಗೋ ಹೋಗುತ್ತೆ. ಅದೇ ರೀತಿ ಕಲ್ಲುಮಣ್ಣಿನ ರಸ್ತೆಯಲ್ಲಿ ವರ್ಷಗಟ್ಟಲೆ ಸೈಕಲ್ ತುಳಿದವನ ಅಣು ಸೈಕಲ್ಲಿಗೂ, ಸೈಕಲ್ಲಿನ ಅಣು ಅವನಿಗೂ ಹೋಗಿ, ಮನುಷ್ಯ ಅರ್ಧ ಸೈಕಲ್ ಆಗುತ್ತಾನೆ, ಸೈಕಲ್ ಅರ್ಧ ಮನುಷ್ಯ ಆಗುತ್ತೆ. ಯಾರ್ಯಾರು ಶೇಕಡಾ ಎಷ್ಟು ಅಂತ ಸಾರ್ಜೆಂಟ್ ಲೆಕ್ಕ ಇಟ್ಟಿದ್ದಾನೆ. ಊರಿನ ಪೋಸ್ಟ್‌ಮನ್ ಶೇಕಡಾ 71 ಸೈಕಲ್. ಗಿಲ್ಹೇನಿ ಅನ್ನುವವನು ಅರ್ಧದ ಹತ್ತಿರ ಬಂದಿದ್ದಾನೆ. ಇನ್ನು ಬಿಟ್ಟರೆ ಕೈ ಮೀರುತ್ತೆ ಅಂತ ಸಾರ್ಜೆಂಟೇ ರಾತ್ರಿ ಹೋಗಿ ಅವನ ಸೈಕಲ್ ಕದಿಯುತ್ತಾನೆ. ಬೆಳಿಗ್ಗೆ ಅವನು ದೂರು ಕೊಟ್ಟರೆ ಅವನ ಜೊತೆಗೇ ಹೋಗಿ ಹುಡುಕಿಕೊಡುತ್ತಾನೆ. ಕದ್ದದ್ದು ಅವನ ಒಳ್ಳೆಯದಕ್ಕೇ. ಸಾರ್ಜೆಂಟನ ಮುತ್ತಾತ ಸೈಕಲ್ ಬರುವ ಮೊದಲಿನ ಕಾಲದವನು, ಹಾಗಾಗಿ ಕೊನೆಯ ಒಂದು ವರ್ಷ ಕುದುರೆಯಾಗಿದ್ದ.

ಇದರಲ್ಲಿ ವಿಜ್ಞಾನ ಇಲ್ಲವೇ ಇಲ್ಲ ಅನ್ನಲ್ಲ. ಆಗ ಎಲ್ಲರ ಬಾಯಲ್ಲೂ ಅಣುವಿನ ಮಾತಿತ್ತು, ಓಬ್ರಿಯನ್ ಅದನ್ನು ಹಿಡಿದು ಹಳ್ಳಿ ಠಾಣೆಯ ಸಾರ್ಜೆಂಟನ ಬಾಯಿಗೆ ಹಾಕಿದ. ಆದರೆ ಇದನ್ನು ಓದಿ ಗೂಢಾರ್ಥ ಬಿಡಿಸಲು ಕೂತರೆ ಮಜಾ ಹೋಗುತ್ತೆ. ನನಗೆ ಬಿಡಿಸಬೇಕಾದ ಅಗತ್ಯವೇ ಬೀಳಲಿಲ್ಲ. ನಮ್ಮಪ್ಪ ಪೋಸ್ಟ್‌ಮನ್ ಆಗಿದ್ದರು.

ತಿಪಟೂರಿನ ಆಚೆ ಐದು ಹಳ್ಳಿ ಅವರ ಸುತ್ತು. ಡಾಂಬರು ಅಂತ ಇದ್ದದ್ದು ಒಂದೂವರೆ ಮೈಲಿ, ಮಿಕ್ಕದ್ದೆಲ್ಲ ತೋಟದ ನಡುವಿನ ಕೊರಕಲು ದಾರಿ. ಸೈಕಲ್ಲಿನ ಚರ್ಮದ ಸೀಟು ಅವರ ಕುಂಡೆಯ ಆಕಾರಕ್ಕೇ ಬಗ್ಗಿ ಎಡಗಡೆ ತಗ್ಗಾಗಿತ್ತು. ಬೇರೆ ಯಾರು ಕೂತರೂ ಜಾರುತ್ತಿದ್ದರು. ಅಪ್ಪ ಎಲ್ಲೇ ನಿಂತರೂ ನೆಟ್ಟಗೆ ನಿಂತವರಲ್ಲ. ಒಂದು ಮೊಣಕೈ ಗೋಡೆಗೆ ಕೊಟ್ಟು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಓರೆಯಾಗಿ. ಮದುವೆ ಮನೆಯ ಫೋಟೊದಲ್ಲೂ ಹಾಗೇ ನಿಂತಿದ್ದಾರೆ. ಪುಸ್ತಕದಲ್ಲಿ ಸಾರ್ಜೆಂಟ್ ಅರ್ಧ ಸೈಕಲ್ ಆದವರನ್ನು ಗುರುತು ಹಿಡಿಯುವ ಲಕ್ಷಣ ಹೇಳುತ್ತಾನಲ್ಲ, ಗೋಡೆಗೆ ಮೊಣಕೈ ಕೊಟ್ಟು ನಿಲ್ಲುತ್ತಾರೆ, ಕಲ್ಲಿನ ಅಂಚಿಗೆ ಒಂದು ಕಾಲು ಊರಿ ಓರೆಯಾಗುತ್ತಾರೆ ಅಂತ, ಅದನ್ನು ಓದಿದಾಗ ನಾನು ಎದ್ದು ಕುಂಟುತ್ತಾ ಹೋಗಿ ಆ ಫೋಟೊ ನೋಡಿಬಂದೆ. ನಿಜವಾಗಿಯೂ. ಅಷ್ಟೇ ಅಲ್ಲ, ಮಳೆ ಜೋರಾಗಿ ಸುರಿಯುವಾಗ ಬೆಚ್ಚಗಿನ ಅಡುಗೆಮನೆಯಲ್ಲಿ ಸೈಕಲ್ ಒರಗಿ ನಿಂತದ್ದನ್ನು ನೋಡಿಲ್ವಾ ಅಂತ ಸಾರ್ಜೆಂಟ್ ಕೇಳುತ್ತಾನೆ. ನೋಡಿದ್ದೇನೆ ಸ್ವಾಮಿ! ಮಳೆಗಾಲದಲ್ಲಿ ಅಪ್ಪ ಸೈಕಲ್ಲನ್ನು ಒಳಗೆ ತಂದು ಒಲೆಯ ಪಕ್ಕದ ಗೋಡೆಗೆ ಒರಗಿಸುತ್ತಿದ್ದರು. ಅಮ್ಮ ಬೈಯುತ್ತಿದ್ದಳು, ಆದರೆ ಚಪಾತಿ ಲಟ್ಟಿಸುತ್ತಾ ಅದರ ಹ್ಯಾಂಡಲ್ಲಿಗೆ ಮಸಿಬಟ್ಟೆ ನೇತು ಹಾಕುತ್ತಿದ್ದಳು. ಮನೆಯವರಲ್ಲಿ ಒಬ್ಬರು ಅಂತ ಅದನ್ನು ಸುತ್ತಿ ದಾಟಿಕೊಂಡು ಓಡಾಡುತ್ತಿದ್ದೆವು.

ಇಂಥ ಕಡೆ ಓದುವವನಿಗೆ ಐರ್ಲೆಂಡ್ ದೂರ ಅನಿಸುವುದಿಲ್ಲ. ಹಾಗಂತ ಅದು ನಮ್ಮ ಕಥೆ ಅನ್ನುವುದೂ ತಪ್ಪು. ಆ ಮಾತಿನ ಧಾಟಿ ಪಕ್ಕಾ ಅವರದ್ದು. ಇಂಗ್ಲಿಷಿನಲ್ಲೇ ಇದೆ, ಆದರೆ ಕಾನ್ವೆಂಟ್ ಇಂಗ್ಲಿಷಲ್ಲ. ಒಂದು ಸರಳ ಮಾತನ್ನು ಸಾರ್ಜೆಂಟ್ ಪಂಚಾಯ್ತಿ ಕಟ್ಟೆಯ ಹಿರಿಯರ ಥರ ಸುತ್ತಿ ಬಳಸಿ, ದೊಡ್ಡ ದೊಡ್ಡ ಪದ ತಪ್ಪು ಜಾಗದಲ್ಲಿ ಹಾಕಿ, ಮುಖದಲ್ಲಿ ನಗು ಇಲ್ಲದೆ ಹೇಳುತ್ತಾನೆ. ಗಟ್ಟಿಯಾಗಿ ಓದಿಕೊಂಡರೆ ಮಾತ್ರ ಅದು ಕಿವಿಗೆ ಬೀಳುತ್ತೆ. ನಾನು ಎರಡು ಸಲ ಬಿಟ್ಟದ್ದು ಮನಸ್ಸಿನಲ್ಲೇ ಓದಿದ್ದಕ್ಕೆ.

ಅಡಿಟಿಪ್ಪಣಿಯವರಿಗೆ ನನ್ನ ಅರ್ಧ ಬೆಂಬಲ ಇದೆ. ಕೆಲವು ಟಿಪ್ಪಣಿ ಪುಟಗಟ್ಟಲೆ ಹೋಗುತ್ತೆ, ಮೇಲೆ ಕಥೆ ಎರಡು ಸಾಲಿಗೆ ಇಳಿದು ಹಸಿದು ಕೂತಿರುತ್ತೆ. ಎಲ್ಲಾ ಟಿಪ್ಪಣಿಯೂ ಆ ಡಿ ಸೆಲ್ಬಿ ಪಂಡಿತನ ಮೇಲೆ. ಅವನ ಪ್ರಕಾರ ರಾತ್ರಿ ಅನ್ನುವುದೇ ಇಲ್ಲ, ಕಪ್ಪು ಗಾಳಿ ಶೇಖರವಾಗುತ್ತೆ ಅಷ್ಟೇ. ಭೂಮಿ ಗುಂಡಗಿಲ್ಲ, ಸಾಸೇಜಿನ ಥರ ಉದ್ದಕ್ಕಿದೆ. ಪ್ರಯಾಣ ಅನ್ನುವುದು ಭ್ರಮೆ, ಇದನ್ನು ತೋರಿಸಲು ಅವನು ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ದಾರಿಯ ಊರುಗಳ ಚಿತ್ರದ ಕಾರ್ಡುಗಳನ್ನು ನೋಡುತ್ತಾ ಕೂತು, ಊರು ತಲುಪಿದೆ ಅಂತ ಎದ್ದು ಬರುತ್ತಾನೆ. ಕನ್ನಡಿಯಲ್ಲಿ ಕಾಣುವ ಮುಖ ಒಂದು ಕ್ಷಣ ಹಿಂದಿನದು, ಆದ್ದರಿಂದ ಎದುರುಬದುರು ಕನ್ನಡಿ ಇಟ್ಟು ಹಿಂದೆ ಹಿಂದೆ ನೋಡುತ್ತಾ ಹೋದರೆ ಬಾಲ್ಯದ ಮುಖ ಸಿಗುತ್ತೆ ಅನ್ನುವುದೂ ಅವನದ್ದೇ. ಹೇಳುವವನು ಇದನ್ನೆಲ್ಲ ಭಕ್ತಿಯಿಂದ ಹೇಳುತ್ತಾನೆ. ಅದಕ್ಕಿಂತ ಮಜಾ ಅಂದರೆ ಡಿ ಸೆಲ್ಬಿಯ ವ್ಯಾಖ್ಯಾನಕಾರರು. ಹ್ಯಾಚ್‌ಜಾ, ಬ್ಯಾಸೆಟ್, ಡು ಗರ್ಬಾಂಡಿಯೆ ಅಂತ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದವರು. ಡಿ ಸೆಲ್ಬಿ ಬಿಟ್ಟುಹೋದ ಒಂದು ಕೈಬರಹ ಇದೆ, ಸುಮಾರು 2000 ಹಾಳೆ, ಒಂದಕ್ಷರವೂ ಓದಲು ಬರುವುದಿಲ್ಲ. ಅದರಲ್ಲಿ ಏನಿದೆ ಅಂತ ಇವರ ಜಗಳ!

ನಮ್ಮೂರ ಗುಡಿಯಲ್ಲಿ ಶ್ರಾವಣದಲ್ಲಿ ಗಮಕ ಇರುತ್ತಿತ್ತು. ಒಬ್ಬರು ಕುಮಾರವ್ಯಾಸನ ಪದ್ಯ ಹಾಡುವುದು, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುವುದು. ಒಬ್ಬ ವ್ಯಾಖ್ಯಾನಕಾರರು ಇದ್ದರು, ಕರ್ಣನ ಕವಚದಿಂದ ಶುರು ಮಾಡಿ, ಕವಚದಿಂದ ಕಮ್ಮಾರಿಕೆಗೆ ಹೋಗಿ, ಕಮ್ಮಾರಿಕೆಯಿಂದ ತಮ್ಮ ಮಾವನ ಮನೆಯ ಬಾಗಿಲ ಚಿಲಕಕ್ಕೆ ಬಂದು, ಒಂದು ಗಂಟೆಯಾದ ಮೇಲೆ ಕರ್ಣನನ್ನು ನೆನಪಿಸಿಕೊಳ್ಳುತ್ತಿದ್ದರು. ಹಾಡುವವರು ಅಷ್ಟು ಹೊತ್ತೂ ಬಾಯಿ ಮುಚ್ಚಿಕೊಂಡು ಕಾಯಬೇಕು. ಜನ ಬರುತ್ತಿದ್ದದ್ದು ಅರ್ಧ ಆ ಚಿಲಕಕ್ಕೇ. ಓಬ್ರಿಯನ್ನನ ಅಡಿಟಿಪ್ಪಣಿಯನ್ನು ಹಾಗೆ ಓದಿ ನೋಡಿ. ಕಣ್ಣು ನೋವಿಗೆ ನನ್ನ ಹತ್ತಿರ ಔಷಧಿ ಇಲ್ಲ, ನನ್ನ ಪ್ರತಿಯಲ್ಲೂ ಅಕ್ಷರ ಸಾಸಿವೆಕಾಳಿನಷ್ಟೇ.

ಪುಸ್ತಕದಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಡುಭಾಗ ಎಳೆಯುತ್ತೆ. ನೆಲದಡಿಯಲ್ಲಿ ಲಿಫ್ಟಿನಲ್ಲಿ ಇಳಿದು ಹೋಗುವ ಒಂದು ಜಾಗ ಬರುತ್ತೆ, ಅಲ್ಲಿ ಕೇಳಿದ್ದೆಲ್ಲ ಸಿಗುತ್ತೆ, ಚಿನ್ನ, ವಿಸ್ಕಿ ಎಲ್ಲ. ಆದರೆ ಲಿಫ್ಟಿಗೆ ಹತ್ತುವಾಗ ಮೈತೂಕ ಬಂದಾಗ ಇದ್ದಷ್ಟೇ ಇರಬೇಕು, ಸಿಕ್ಕಿದ್ದು ಏನನ್ನೂ ಹೊರಗೆ ತರುವ ಹಾಗಿಲ್ಲ. ಆ ಕೊನೆಯ ಪೇಚಾಟ ಸೊಗಸಾಗಿದೆ, ಆದರೆ ಅಲ್ಲಿಗೆ ಬರುವಷ್ಟರಲ್ಲಿ ಬಾಗಿಲು, ಓಣಿ, ಗುಂಡಿ, ಚಕ್ರ ಅಂತ ವರ್ಣನೆ ಸಾಕು ಸಾಕಾಗುತ್ತೆ. ಹೆಂಗಸರಂತೂ ಇಲ್ಲವೇ ಇಲ್ಲ ಅನ್ನಬಹುದು. ಕಥೆಯಲ್ಲಿ ನಿಜವಾದ ಪ್ರೀತಿ ಅಂತ ಹುಟ್ಟುವುದು ಸಾರ್ಜೆಂಟನ ಸೈಕಲ್ಲಿನ ಮೇಲೆ, ಅದು ಹೆಣ್ಣು ಸೈಕಲ್. ನನ್ನ ಮನೆಯವಳಿಗೆ ಈ ಭಾಗ ಓದಿ ಹೇಳಿದೆ. "ಬರೆದವನಿಗೆ ಮದುವೆ ಆಗಿರಲಿಲ್ಲ ಅನ್ಸುತ್ತೆ" ಅಂದಳು. ಲೆಕ್ಕ ಹಾಕಿದರೆ ಬರೆಯುವಾಗ ಆಗಿರಲಿಲ್ಲ, ಸರಿಯಾಗೇ ಹೇಳಿದ್ದಾಳೆ.

ಇನ್ನು ನಿಮ್ಮ ಪುರವಣಿ ನೋಡಿ ನನಗೆ ಜಾಸ್ತಿ ನಗು ಬಂದದ್ದು ಬೇರೆ ಕಾರಣಕ್ಕೆ. ಈ ಮನುಷ್ಯ ಬರವಣಿಗೆಯಲ್ಲಿ ಹೆಸರು ಮಾಡಿದ್ದೇ ಸಂಪಾದಕರಿಗೆ ಕಾಗದ ಬರೆದು! 1940ರಲ್ಲಿ ಈ ಕಾದಂಬರಿಯನ್ನು ಲಂಡನ್ನಿನ ಲಾಂಗ್‌ಮನ್ಸ್ ಪ್ರಕಾಶಕರು ವಾಪಸ್ ಕಳಿಸಿದರು. ಹಿಂದಿನ ವರ್ಷ ಇವನ ಮೊದಲ ಕಾದಂಬರಿ ಹಾಕಿದವರು ಅವರೇ. ಲೇಖಕನಿಗೆ ಪ್ರತಿಭೆ ಇದೆ, ಆದರೆ ಕಲ್ಪನೆಯ ಅತಿರೇಕ ಕಡಿಮೆಯಾಗಬೇಕಿತ್ತು, ಇದರಲ್ಲಿ ಇನ್ನೂ ಹೆಚ್ಚಾಗಿದೆ ಅನ್ನುವುದು ಅವರ ಅಭಿಪ್ರಾಯ. ನೋಡಿ, ನಮ್ಮ ಮೊದಲನೆಯ ಓದುಗರ ಅಭಿಪ್ರಾಯವೂ ಹೆಚ್ಚುಕಮ್ಮಿ ಅದೇ. ಅದೇ ಹೊತ್ತಿನಲ್ಲಿ ಇವನೂ ಇವನ ಗೆಳೆಯರೂ 'ದಿ ಐರಿಷ್ ಟೈಮ್ಸ್' ಪತ್ರಿಕೆಗೆ ಸುಳ್ಳು ಹೆಸರುಗಳಲ್ಲಿ ಕಾಗದ ಬರೆದು, ಆ ಕಾಗದಕ್ಕೆ ಇನ್ನೊಂದು ಸುಳ್ಳು ಹೆಸರಿನಲ್ಲಿ ಉತ್ತರ ಬರೆದು, ವಾಚಕರ ವಿಭಾಗವನ್ನೇ ರಂಗಸ್ಥಳ ಮಾಡಿದ್ದರು. ಸಂಪಾದಕ ಸ್ಮೈಲಿ ರೇಗಲಿಲ್ಲ. ಕರೆದು ಅಂಕಣವನ್ನೇ ಕೊಟ್ಟ. 1940ರ ಅಕ್ಟೋಬರ್‌ನಿಂದ ಅದು ಶುರುವಾಯಿತು, ಮೈಲ್ಸ್ ನ ಗೋಪಲೀನ್ ಅನ್ನುವ ಇನ್ನೊಂದು ಹೆಸರಿನಲ್ಲಿ. ಅವನು ಬದುಕಿರುವವರೆಗೂ ಆ ಅಂಕಣ ನಡೆಯಿತು. (ಸಂಪಾದಕರೇ, ನಾನೇನೂ ಸೂಚನೆ ಕೊಡುತ್ತಿಲ್ಲ. ನಿಮ್ಮ ನಾಲ್ಕು ಪತ್ರಗಳಲ್ಲಿ ಎರಡರ ಕೈವಾಡ ಒಂದೇ ಅನಿಸಿತು, ಅಷ್ಟೇ.)

ಕಾದಂಬರಿಯ ಗತಿ ಮಾತ್ರ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ತಿರಸ್ಕಾರ ಆಯಿತು ಅಂತ ಗೆಳೆಯರ ಮುಂದೆ ಹೇಳಿಕೊಳ್ಳಲು ನಾಚಿಕೆ. ಹಸ್ತಪ್ರತಿ ಕಳೆದುಹೋಯಿತು ಅಂತ ಕಥೆ ಕಟ್ಟಿದ. ಒಮ್ಮೆ ಒಂದು ಥರ, ಒಮ್ಮೆ ಇನ್ನೊಂದು ಥರ. ಡೊನೆಗಾಲ್ ಕಡೆ ಕಾರಿನಲ್ಲಿ ಹೋಗುವಾಗ ಡಿಕ್ಕಿಯಿಂದ ಒಂದೊಂದೇ ಹಾಳೆ ಗಾಳಿಗೆ ಹಾರಿಹೋಯಿತು ಅನ್ನುವುದು ಅದರಲ್ಲೊಂದು. ಹಾಳೆ ಎಲ್ಲೂ ಹಾರಿರಲಿಲ್ಲ, ಮನೆಯಲ್ಲೇ ಇತ್ತು. ಅದರಿಂದ ಸೈಕಲ್ ಸಿದ್ಧಾಂತವನ್ನೂ ಡಿ ಸೆಲ್ಬಿಯನ್ನೂ ಎತ್ತಿಕೊಂಡು 1964ರಲ್ಲಿ ಬೇರೊಂದು ಕಾದಂಬರಿಗೆ ಸೇರಿಸಿದ, ಅಷ್ಟು ಚೆನ್ನಾಗಿ ಕೂರಲಿಲ್ಲ ಅದು. 1966ರ ಏಪ್ರಿಲ್ 1ರಂದು ತೀರಿಕೊಂಡ. ಹೌದು, ಮೂರ್ಖರ ದಿನದಂದೇ. ಮರುವರ್ಷ ಪುಸ್ತಕ ಅಚ್ಚಾಯಿತು. 27 ವರ್ಷ ಮನೆಯಲ್ಲಿ ಮಲಗಿದ್ದ ಹಾಳೆಗಳು! ಆಮೇಲೆ 2005ರಲ್ಲಿ 'ಲಾಸ್ಟ್' ಅನ್ನುವ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಈ ಪುಸ್ತಕ ಕ್ಷಣಮಾತ್ರ ಕಾಣಿಸಿಕೊಂಡಿತು, ಅಷ್ಟಕ್ಕೇ ಜನ ಮುಗಿಬಿದ್ದು ಕೊಂಡು ಅಲ್ಲಿನ ಪ್ರಕಾಶಕರು ಮತ್ತೆ ಅಚ್ಚು ಹಾಕಿಸಬೇಕಾಯಿತು. ಬದುಕಿದ್ದಾಗ ಒಬ್ಬ ಓದುಗನ ಅನಿಸಿಕೆಯೂ ಅವನ ಕೈಗೆ ಅಚ್ಚಿನಲ್ಲಿ ಸಿಗಲಿಲ್ಲ.

ಈಗ ನಾಲ್ಕನೆಯವರ ವಿಚಾರ. ನೀವು ಹೇಳಬಹುದು, ಗುಟ್ಟನ್ನು ಲೇಖಕನೇ ಹೇಳಿದ್ದಾನಲ್ಲ ಅಂತ. ಹೇಳಿದ್ದಾನೆ. 1940ರಲ್ಲಿ ಅಮೆರಿಕದ ಲೇಖಕ ವಿಲಿಯಂ ಸರೋಯನ್‌ಗೆ ಬರೆದ ಕಾಗದದಲ್ಲಿ ಬಿಡಿಸಿಯೇ ಹೇಳಿದ್ದಾನೆ. ಆ ಸಾಲುಗಳನ್ನು ಪುಸ್ತಕದಲ್ಲೂ ಹಾಕಿದ್ದಾರೆ. ಆದರೆ ಎಲ್ಲಿ ಹಾಕಿದ್ದಾರೆ? ಕಥೆ ಪೂರ್ತಿ ಮುಗಿದ ಮೇಲೆ, ಹಿಂದುಗಡೆ. ಪ್ರಕಾಶಕರಿಗಿದ್ದ ಅಷ್ಟು ವಿವೇಕ ನಮಗೆ ಬೇಡ್ವಾ? ಈ ಕಾಗದದಲ್ಲಿ ನಾನು ಇಷ್ಟುದ್ದ ಬರೆದಿದ್ದೇನೆ, ಎಲ್ಲಾದರೂ ಬಾಯಿ ಬಿಟ್ಟೆನಾ ನೋಡಿ. ಮೂರನೇ ಪೊಲೀಸ್ ಯಾರು ಅಂತಲೂ ಹೇಳಿಲ್ಲ.

ಇಷ್ಟು ಒತ್ತಿ ಕೇಳುವುದಕ್ಕೆ ಒಂದು ಕಾರಣ ಇದೆ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಸಬ್ ಇನ್ಸ್‌ಪೆಕ್ಟರ್ ಇದ್ದಾರೆ, ನನಗಿಂತ ನಾಲ್ಕು ವರ್ಷ ದೊಡ್ಡವರು. ಪುಸ್ತಕದ ಹೆಸರು ಕೇಳಿ ಅವರೇ ಇಸಕೊಂಡು ಹೋದರು. ದಿನಕ್ಕೆ ನಾಲ್ಕೈದು ಪುಟ ಓದುತ್ತಾರೆ, ಪಕ್ಕದಲ್ಲಿ ಡಿಕ್ಷನರಿ. ಸಂಜೆ ವಾಕಿಂಗಿನಲ್ಲಿ ನನಗೆ ವರದಿ. ಹೋದ ವಾರ ಗಲ್ಲಿನ ಭಾಗಕ್ಕೆ ಬಂದಿದ್ದರು. ಬಹಳ ಹೊತ್ತು ಮಾತಾಡದೆ ನಡೆದು, "ಅಲ್ರೀ, ಎಫ್‌ಐಆರ್ ಹಾಕಿದ್ದೇ ಎಲ್ಲೂ ಬರಲಿಲ್ವಲ್ಲ" ಅಂದರು. ಮಹಜರು ಇಲ್ಲ, ಸಾಕ್ಷಿ ಇಲ್ಲ, ಸಾರ್ಜೆಂಟ್ ಮಾಡಿದ್ದು ತಪ್ಪು ಅನ್ನುವುದು ಅವರ ಅಭಿಪ್ರಾಯ. ಸೈಕಲ್ ಕದ್ದದ್ದು ಮಾತ್ರ ಅವರಿಗೆ ಸರಿ ಕಂಡಿದೆ. ಕೊನೆಯಲ್ಲಿ ಏನಾಗುತ್ತೆ ಅಂತ ಅವರದ್ದೇ ಒಂದು ಊಹೆ ಇದೆ. ಪೂರ್ತಿ ತಪ್ಪು. ಆದರೆ ಎಷ್ಟು ಚೆನ್ನಾಗಿದೆ ಅಂದರೆ ನಾನು ತಲೆಯಾಡಿಸುತ್ತಾ ಕೇಳುತ್ತೇನೆ. ಅವರು ಕೊನೆಯ ಪುಟ ತಿರುಗಿಸುವ ಸಂಜೆ ಅವರ ಮುಖ ನೋಡಲು ಕಾದಿದ್ದೇನೆ.

ಅವರೂ ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ. ವಾಚಕರ ವಿಭಾಗ ಓದದೆ ಕಾಫಿ ಕುಡಿಯುವುದಿಲ್ಲ. ಹೋದ ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ದಪ್ಪ ಅಕ್ಷರದ ಸಾಲು ನೋಡಿದವನೇ ಚಪ್ಪಲಿ ಮೆಟ್ಟಿ ಓಡಿದೆ. ಅವರ ಗೇಟಿನ ಒಳಗೆ ಪೇಪರ್ ಬಿದ್ದಿತ್ತು. ಪುರವಣಿಯನ್ನು ಮಾತ್ರ ಎಳೆದು ಬನಿಯನ್ನಿನ ಒಳಗೆ ಸೇರಿಸಿಕೊಂಡು ಬಂದೆ. ಈ ವಯಸ್ಸಿನಲ್ಲಿ, ಪೊಲೀಸರ ಮನೆಯಿಂದ! ಸಂಜೆ ಅವರು ಪೇಪರ್ ಹುಡುಗನನ್ನು ಹಿಡಿದು ವಿಚಾರಣೆ ಮಾಡಿದ್ದು ಕೇಳಿ ಬೇಜಾರಾಯಿತು, ಆ ಹುಡುಗನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಸುಮ್ಮನಾದೆ.

ಅವರು ಇನ್ನೂ ಅರವತ್ತು ಪುಟ ಓದಬೇಕು. ಅಂದರೆ ಎರಡು ಭಾನುವಾರ. ಅಷ್ಟರಲ್ಲಿ ಆ ಪತ್ರಕ್ಕೆ ಬಂದ ಪ್ರತಿಕ್ರಿಯೆ ಅಂತ ಏನಾದರೂ ಹಾಕುವುದಿದ್ದರೆ ಗುಟ್ಟಿನ ಸಾಲನ್ನು ಕತ್ತರಿಸಿ ಹಾಕಿ. ನನ್ನ ಈ ಕಾಗದವನ್ನು ಅದಾದ ಮೇಲೆ ಪ್ರಕಟಿಸಿದರೂ ನಡೆಯುತ್ತೆ. ಊರಿನ ಹೆಸರು ಕೊಟ್ಟಿದ್ದೇನೆ, ನನ್ನ ಹೆಸರು ಮಾತ್ರ ಹಾಕಬೇಡಿ. ಇನ್ನೊಂದು ಸಲ ಆ ಗೇಟು ತೆಗೆಯುವ ಧೈರ್ಯ ನನಗಿಲ್ಲ, ಅವರು ಈಗ ಐದೂವರೆಗೇ ಎದ್ದು ಜಗಲಿಯಲ್ಲಿ ಕೂರುತ್ತಿದ್ದಾರೆ.

ಇಂತಿ,
ಒಬ್ಬ ಓದುಗ
ತಿಪಟೂರು